ನೋಟು 'ಡ್ರಾ' ಮಾಡಿದ ತಾತ

ಮೂರನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ 'ಡ್ರಾ' ಪದ ಬಳಸಿ ಇಂಗ್ಲಿಷ್ ವಾಕ್ಯ ಬರೆಯಲು ಹೇಳಿದ್ದರು. ನಮ್ಮ ತಾತ ತಿಂಗಳಿಗೊಮ್ಮೆ ದುಡ್ಡು ಡ್ರಾ ಮಾಡುತ್ತಾರೆ ಎಂದು ಬರೆದವಳು, ಪಕ್ಕದಲ್ಲಿ ಚಿತ್ರವನ್ನೂ ಹಾಕಿದ್ದಳು. ನಾನು ಕ್ರೇಯಾನ್ ಹಿಡಿದು ಐನೂರರ ನೋಟು ಬಿಡಿಸುತ್ತ ಕೂತಿದ್ದೇನೆ! ಬ್ಯಾಂಕಿನಲ್ಲೇ ಕೂದಲು ನೆರೆಸಿಕೊಂಡವನ ಮೇಲೆ ಖೋಟಾ ನೋಟಿನ ಆರೋಪ.

"ಮತ್ತೆ ಎಟಿಎಂ ಒಳಗೆ ಕೂತು ಯಾರು ಬಿಡಿಸ್ತಾರೆ ತಾತ?" ಎಂದಳು.

ಮಕ್ಕಳೇ, ಡ್ರಾ ಎಂದರೆ ಮೂಲದಲ್ಲಿ ಎಳೆಯುವುದು. 'ಡ್ರ್ಯಾಗ್' ಅದರ ದಾಯಾದಿ. ಕಾಗದದ ಮೇಲೆ ಪೆನ್ಸಿಲ್ ಎಳೆದರೆ ಗೆರೆ, ಗೆರೆಗಳು ಕೂಡಿದರೆ ಚಿತ್ರ. ಬಾವಿಯಿಂದ ನೀರು ಡ್ರಾ ಮಾಡುವುದಕ್ಕೆ ನಾವು ಸೇದುವುದು ಎನ್ನುತ್ತೇವೆ. (ಬೀಡಿಯನ್ನೂ ಸೇದುತ್ತಾರೆ, ಆ ಮಾತು ಬೇಡ.) ಖಾತೆಯಿಂದ ಹಣ ತೆಗೆಯುವುದೂ ಡ್ರಾ. ಕಿಟಕಿಯ ಪರದೆಯನ್ನು ಡ್ರಾ ಮಾಡು ಎಂದರೆ ಮುಚ್ಚು ಎಂದೂ ಆದೀತು, ತೆರೆ ಎಂದೂ ಆದೀತು. ಹೊತ್ತು ನೋಡಿ ತಿಳಿಯಬೇಕು. ಡ್ರಾಯಿಂಗ್ ರೂಮಿಗೂ ಚಿತ್ರಕ್ಕೂ ನಂಟಿಲ್ಲ. ಅದು 'ವಿತ್‌ಡ್ರಾಯಿಂಗ್ ರೂಮ್', ಎದ್ದು ಹೋಗಿ ಹಾಯಾಗಿ ಕೂರುವ ಕೋಣೆ. ಇನ್ನು ಕ್ರಿಕೆಟ್. 1986ರಲ್ಲಿ ಮದರಾಸಿನಲ್ಲಿ ನಾವು ಆಸ್ಟ್ರೇಲಿಯದೊಡನೆ ಆಡಿದ ಟೆಸ್ಟನ್ನು ಡ್ರಾ ಎಂದವರೊಡನೆ ನಾನು ಈಗಲೂ ಜಗಳವಾಡುತ್ತೇನೆ. ರನ್ ಸಮವಾಗಿ ಆಟ ಮುಗಿದರೆ ಟೈ. ಆಟವೇ ಮುಗಿಯದಿದ್ದರೆ ಡ್ರಾ.

ಎಳೆದು ತೆರೆಯುವ ಮೇಜಿನ ಖಾನೆಯೂ ಡ್ರಾಯರ್, ಚೆಕ್ ಬರೆದುಕೊಟ್ಟವನೂ ಡ್ರಾಯರ್. ಇದನ್ನು ನಾನು ಮರೆಯುವಂತಿಲ್ಲ.

ಕೆಲಸಕ್ಕೆ ಸೇರಿದ ಹೊಸತು, 1978. ಕೊಬ್ಬರಿ ಮಾರಿದ್ದ ರೈತರೊಬ್ಬರು ಮಂಡಿಯವರು ಕೊಟ್ಟ ಚೆಕ್ಕನ್ನು ತಮ್ಮ ಖಾತೆಗೆ ಹಾಕಿದ್ದರು. ಅದು ವಾಪಸು ಬಂತು. ಜೊತೆಗಿದ್ದ ಚೀಟಿಯಲ್ಲಿ 'ರೆಫರ್ ಟು ಡ್ರಾಯರ್' ಎಂದಿತ್ತು. ಕೌಂಟರಿನಲ್ಲಿ ನೂಕುನುಗ್ಗಲು. "ಡ್ರಾಯರ್ ಹತ್ರ ಕೇಳಿ ಯಜಮಾನ್ರೇ" ಎಂದು ಚೀಟಿ ಕೊಟ್ಟು ಮುಂದಿನವರನ್ನು ಕರೆದೆ.

ಮಧ್ಯಾಹ್ನ ಎರಡಾದರೂ ಅವರು ಗೋಡೆಗೊರಗಿ ನಿಂತೇ ಇದ್ದರು. ಜನ ಕರಗಿದ ಮೇಲೆ ಹತ್ತಿರ ಬಂದು, "ಸ್ವಾಮಿ, ಈಗಲಾದ್ರೂ ಡ್ರಾಯರ್ ತೆಗೀತೀರಾ? ಮಗಳ ಮದುವೆಗೆ ಇನ್ನು ಒಂಬತ್ತೇ ದಿನ" ಎಂದರು. ಊರಿನ ಹುಡುಗನೊಬ್ಬ ಮೇಜಿನ ಖಾನೆಗೆ ಹಾಗೆನ್ನುತ್ತಾರೆಂದು ಹೇಳಿದ್ದನಂತೆ. ಅವರ ದುಡ್ಡು ನನ್ನ ಮೇಜಿನೊಳಗಿದೆ ಎಂದು ನಂಬಿ ಬೆಳಗಿನಿಂದ ಕಾದಿದ್ದಾರೆ. ಅದರಲ್ಲಿದ್ದದ್ದು ಗುಂಡುಪಿನ್ನು, ಇಂಕ್ ಪ್ಯಾಡು, ನನ್ನ ಊಟದ ಡಬ್ಬಿ.

ಮಂಡಿಯವರನ್ನೇ ಕೇಳಬೇಕೆಂದು ಆಗ ಬಿಡಿಸಿ ಹೇಳಿದೆ. ಅಷ್ಟರಲ್ಲಿ ವಾರದ ಸಂತೆ ಮುಗಿದು ಮಂಡಿಯ ಬಾಗಿಲು ಹಾಕಿತ್ತು. ಚೆಕ್ ಬೌನ್ಸ್ ಆಗ ಇನ್ನೂ ಅಪರಾಧವಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 138ನೇ ಕಲಂ ಸೇರಿದ್ದು 1988ರಲ್ಲಿ. ಅವರು ಚೀಟಿಯನ್ನು ಮಡಿಸಿ ಟವೆಲಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಹಣ ಸಿಕ್ಕಿತೋ ಇಲ್ಲವೋ, ನಮ್ಮ ಕೌಂಟರಿಗಂತೂ ಅವರು ಮತ್ತೆ ಬರಲಿಲ್ಲ.

ಅಂದಿನಿಂದ ಅಂಥ ಚೀಟಿಗಳ ಹಿಂದೆ ಪೆನ್ಸಿಲಿನಲ್ಲಿ 'ಚೆಕ್ ಕೊಟ್ಟವರನ್ನು ಕೇಳಿ' ಎಂದು ಕನ್ನಡದಲ್ಲಿ ಬರೆಯತೊಡಗಿದೆ. ಮ್ಯಾನೇಜರು ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ.