ಟಾರ್ಪೆಡೊ ಗೋದಾಮಿನಲ್ಲಿ ಬಿದ್ದ ಸಹಿ

1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್ ಬಂದರಿನ ಎದುರು ಬಂದು ನಿಂತ ಜರ್ಮನ್ ಕ್ರೂಸರ್ ‘ಎಮ್ಡೆನ್’ ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಹತ್ತಿತು. ಹಡಗು ಕತ್ತಲಲ್ಲಿ ಮರೆಯಾಯಿತು. ಆ ರಾತ್ರಿಯ ನೆನಪಿನ ಫಲಕ ಮದ್ರಾಸ್ ಹೈಕೋರ್ಟಿನ ಕಾಂಪೌಂಡ್ ಗೋಡೆಯಲ್ಲಿ ಇಂದಿಗೂ ಇದೆ. ಅದೇ ದಿನ ಬೆಳಿಗ್ಗೆ, ಅಲ್ಲಿಂದ ಬಹುದೂರ, ಹಾಲೆಂಡ್ ಕರಾವಳಿಯ ಆಚೆಗೆ ‘ಯು-9’ ಎಂಬ ಜಲಾಂತರ್ಗಾಮಿ ಬ್ರಿಟನ್ನಿನ ಅಬುಕಿರ್, ಹೋಗ್, ಕ್ರೆಸ್ಸಿ ಎಂಬ ಮೂರು ಕ್ರೂಸರುಗಳನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಮುಳುಗಿಸಿತ್ತು. 1,400ಕ್ಕೂ ಹೆಚ್ಚು ನಾವಿಕರು ಸತ್ತರು. ಒಂದೇ ದಿನ ಎರಡು ಕಡಲುಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯವನ್ನು ಬೆಚ್ಚಿಬೀಳಿಸಿದ ಈ ಎರಡೂ ನೌಕೆಗಳು ತಯಾರಾದದ್ದು ಒಂದೇ ಜಾಗದಲ್ಲಿ, ಡಾನ್ಜಿಗ್ ಪಟ್ಟಣದ ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಹಡಗುಕಟ್ಟೆಯಲ್ಲಿ.

ಡಾನ್ಜಿಗ್ ಇಂದು ಪೋಲೆಂಡಿನ ಗ್ಡಾನ್ಸ್ಕ್. ಬಾಲ್ಟಿಕ್ ಸಮುದ್ರಕ್ಕೆ ಸೇರುವ ವಿಸ್ಟುಲಾ ನದಿಯ ಹಳೆಯ ಕವಲಿನ ದಡದಲ್ಲಿ, ಊರಿನ ಹಳೆಯ ಭಾಗದ ಉತ್ತರಕ್ಕೆ ಈ ಹಡಗುಕಟ್ಟೆ ಹಬ್ಬಿದೆ. ಪ್ರಷ್ಯಾದ ಬಳಿ ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಕಾಲದಲ್ಲಿ, 1844ರಲ್ಲಿ, ‘ಅಮೆಜೋನ್’ ಎಂಬ ಹಾಯಿಹಡಗಿಗೊಂದು ನೆಲೆ ಬೇಕಾಗಿ ಇಲ್ಲಿ ಸಣ್ಣ ಡಿಪೊ ತೆರೆದರು. ಅದೇ ಬೆಳೆದು ರಾಜನ ಹಡಗುಕಟ್ಟೆಯಾಯಿತು. 1858ರಲ್ಲಿ ಇಲ್ಲಿ ನೀರಿಗಿಳಿದ ‘ಆರ್ಕೋನಾ’ ಎಂಬ ಮರದ ಯುದ್ಧನೌಕೆ ಪ್ರಷ್ಯಾದ ರಾಯಭಾರಿಗಳನ್ನು ಜಪಾನ್, ಚೀನಾಗಳವರೆಗೆ ಕರೆದೊಯ್ದಿತು. 1871ರಲ್ಲಿ ಜರ್ಮನಿ ಒಂದಾಗಿ ಸಾಮ್ರಾಜ್ಯವಾದಾಗ ಹಡಗುಕಟ್ಟೆಯ ಹೆಸರಿಗೂ ಚಕ್ರವರ್ತಿಯ ಮುದ್ರೆ ಬಿತ್ತು. ಮರುವರ್ಷವೇ ನೀರಿಗಿಳಿದ ‘ಹಾನ್ಸಾ’, ಜರ್ಮನಿಯಲ್ಲೇ ಕಟ್ಟಿದ ಮೊದಲ ಕಬ್ಬಿಣದ ಕವಚದ ಯುದ್ಧನೌಕೆ. ಅಲ್ಲಿಯವರೆಗೆ ಅಂಥವನ್ನು ಹೊರದೇಶಗಳಿಂದಲೇ ಕೊಳ್ಳಬೇಕಾಗಿತ್ತು.

ಜರ್ಮನ್ ನೌಕಾಪಡೆಗೆ ಕೀಲ್ ಮತ್ತು ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲೂ ಇಂಥ ಹಡಗುಕಟ್ಟೆಗಳಿದ್ದವು. ದೈತ್ಯ ಯುದ್ಧನೌಕೆಗಳು ಅಲ್ಲಿ ಸಿದ್ಧವಾದರೆ, ಡಾನ್ಜಿಗ್‌ನ ಕೆಲಸಗಾರರ ಕೈ ಪಳಗಿದ್ದು ಕ್ರೂಸರುಗಳಲ್ಲಿ, ಜಲಾಂತರ್ಗಾಮಿಗಳಲ್ಲಿ. ಎಮ್ಡೆನ್ ನೀರಿಗಿಳಿದದ್ದು 1908ರ ಮೇ 26ರಂದು. ಟರ್ಬೈನು ಬರುತ್ತಿದ್ದ ಹೊತ್ತಿನಲ್ಲಿ ಹಳೆಯ ಪಿಸ್ಟನ್ ಹಬೆ ಎಂಜಿನನ್ನೇ ನೆಚ್ಚಿದ ಜರ್ಮನಿಯ ಕೊನೆಯ ಕ್ರೂಸರ್ ಅದು. ಅದೇ ವರ್ಷ ಇಲ್ಲಿಂದ ‘ಯು-2’ ಹೊರಬಂತು. ಜರ್ಮನ್ ನೌಕಾಪಡೆಯ ಎರಡನೆಯ ಜಲಾಂತರ್ಗಾಮಿ ಅದು. ಯು-9 ನೀರಿಗಿಳಿದದ್ದು 1910ರಲ್ಲಿ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಕೈತಪ್ಪಿ ಡಾನ್ಜಿಗ್ ಸ್ವತಂತ್ರ ನಗರವಾಯಿತು. ಬ್ರಿಟನ್, ಫ್ರಾನ್ಸ್, ಡಾನ್ಜಿಗ್ ಮತ್ತು ಪೋಲೆಂಡ್ ಪಾಲು ಹೊಂದಿದ ಕಂಪನಿಯೊಂದು 1922ರಲ್ಲಿ ಹಡಗುಕಟ್ಟೆಯನ್ನು ವಹಿಸಿಕೊಂಡಿತು. ಯುದ್ಧನೌಕೆ ಕಟ್ಟಿದ ಕೈಗಳು ವ್ಯಾಪಾರದ ಹಡಗು ಕಟ್ಟಿದವು, ರೈಲು ಎಂಜಿನ್ ರಿಪೇರಿ ಮಾಡಿದವು. ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1939ರಲ್ಲಿ ಹಿಟ್ಲರನ ಪಡೆಗಳು ಊರನ್ನು ವಶಪಡಿಸಿಕೊಂಡವು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ 40ಕ್ಕೂ ಹೆಚ್ಚು ಜಲಾಂತರ್ಗಾಮಿಗಳು ತಯಾರಾದವು. ಕೊನೆಯ ವರ್ಷಗಳಲ್ಲಿ ಹತ್ತಿರದ ಸ್ಟುಟ್‌ಹೋಫ್ ಯಾತನಾ ಶಿಬಿರದ ಕೈದಿಗಳನ್ನೂ ಇಲ್ಲಿ ದುಡಿಸಿದರು. ನೌಕೆಗಳ ಪರಾಕ್ರಮ ಬರೆಯುವ ಪುಸ್ತಕಗಳು ಈ ಕೈದಿಗಳ ಹತ್ತಿರ ಬಂದಾಗ ಬೇಗ ಪುಟ ತಿರುಗಿಸುತ್ತವೆ. ಹಾಗಾಗಬಾರದು.

1945ರ ಮಾರ್ಚ್ ಕೊನೆಯಲ್ಲಿ ಸೋವಿಯತ್ ಸೇನೆ ಬಂದಾಗ ಊರು ಬೂದಿಯಾಗಿತ್ತು. ಜರ್ಮನರು ಹೋದರು, ಪೋಲಿಷ್ ಜನ ಬಂದರು. ಪಾಳುಬಿದ್ದ ಹಡಗುಕಟ್ಟೆಯಿಂದ 1948ರ ನವೆಂಬರ್ 6ರಂದು ಕಲ್ಲಿದ್ದಲು ಮತ್ತು ಅದಿರು ಸಾಗಿಸುವ ‘ಸೋಲ್ಡೆಕ್’ ಹಡಗು ನೀರಿಗಿಳಿಯಿತು. ಯುದ್ಧಾನಂತರ ಪೋಲೆಂಡ್ ಕಟ್ಟಿದ ಮೊದಲ ಹಡಗು ಅದು. ಅದಕ್ಕಿಟ್ಟದ್ದು ಯಾವ ರಾಜನ ಹೆಸರನ್ನೂ ಅಲ್ಲ, ಅಲ್ಲಿಯೇ ದುಡಿಯುತ್ತಿದ್ದ ಕೆಲಸಗಾರನೊಬ್ಬನ ಹೆಸರನ್ನು. ಈಗ ಅದು ಗ್ಡಾನ್ಸ್ಕ್‌ನ ಮೊತ್ವಾವಾ ನದಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ.

ನೌಕಾ ಇತಿಹಾಸಕಾರರ ಆಸಕ್ತಿ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನಗೆ ಈ ಜಾಗ ಮುಖ್ಯವಾಗುವುದು ಇಲ್ಲಿಂದ ಮುಂದೆ.

1967ರಲ್ಲಿ ಹಡಗುಕಟ್ಟೆಗೆ ಲೆನಿನ್ ಹೆಸರಿಟ್ಟರು. ಕಾರ್ಮಿಕರದೇ ಸರ್ಕಾರ ಎಂದು ಹೇಳಿಕೊಳ್ಳುತ್ತಿದ್ದ ಆಡಳಿತ 1970ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ, ಆಹಾರದ ಬೆಲೆ ಏರಿಸಿತು. ಕಾರ್ಮಿಕರು ಬೀದಿಗಿಳಿದರು. ಡಿಸೆಂಬರ್ 16ರಂದು ಹಡಗುಕಟ್ಟೆಯ ಎರಡನೇ ಗೇಟಿನ ಎದುರು ಅವರ ಮೇಲೆ ಗುಂಡು ಹಾರಿತು. ಆ ವಾರ ಕರಾವಳಿಯ ಊರುಗಳಲ್ಲೆಲ್ಲ ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಿಗೊಂದು ಸ್ಮಾರಕ ಬೇಕು ಎಂದು ಕೇಳುವುದೂ ಮುಂದಿನ ಹತ್ತು ವರ್ಷ ಅಪರಾಧವೇ ಆಗಿತ್ತು.

1980ರ ಆಗಸ್ಟಿನಲ್ಲಿ ಕ್ರೇನ್ ನಡೆಸುತ್ತಿದ್ದ ಆನಾ ವಲೆಂಟಿನೊವಿಚ್ ಅವರನ್ನು ನಿವೃತ್ತಿಗೆ ಐದು ತಿಂಗಳಿರುವಾಗ ಕೆಲಸದಿಂದ ತೆಗೆದರು. ಅದನ್ನು ಪ್ರತಿಭಟಿಸಿ ಆಗಸ್ಟ್ 14ರಂದು ಹಡಗುಕಟ್ಟೆಯ ಕೆಲಸ ನಿಂತಿತು. ನಾಲ್ಕು ವರ್ಷ ಮೊದಲೇ ಕೆಲಸ ಕಳೆದುಕೊಂಡಿದ್ದ ಎಲೆಕ್ಟ್ರಿಷಿಯನ್ ಲೆಕ್ ವಲೇಸಾ ಮುಷ್ಕರದ ನಾಯಕರಾದರು. ಎರಡೇ ದಿನದಲ್ಲಿ ಆಡಳಿತ ಸಂಬಳ ಏರಿಸಲು ಒಪ್ಪಿತು, ಮುಷ್ಕರ ಮುಗಿಯಿತೆಂದು ಘೋಷಣೆಯೂ ಆಯಿತು. ಕೆಲಸಗಾರರು ಗೇಟಿನತ್ತ ಹೊರಟರು. ಆಗ ಅವರನ್ನು ತಡೆದವರು ಹೆಂಗಸರು. ಆನಾ, ನರ್ಸ್ ಅಲೀನಾ ಪಿಯೆನ್‌ಕೋವ್‌ಸ್ಕಾ, ಟ್ರಾಮ್ ಓಡಿಸುತ್ತಿದ್ದ ಹೆನ್ರಿಕಾ ಕ್ಷಿವೊನೊಸ್ ಎಲ್ಲರೂ ಕೇಳಿದ್ದು ಒಂದೇ: ದೊಡ್ಡ ಹಡಗುಕಟ್ಟೆ ತನ್ನ ಪಾಲು ಪಡೆದು ಮನೆಗೆ ಹೋದರೆ ನಮ್ಮ ಜೊತೆ ಮುಷ್ಕರ ಹೂಡಿದ ಸಣ್ಣ ಕಾರ್ಖಾನೆಗಳ ಗತಿ ಏನು? ಗೇಟುಗಳು ಮತ್ತೆ ಮುಚ್ಚಿದವು. ಸಂಬಳದ ಮುಷ್ಕರ ಎಲ್ಲರ ಮುಷ್ಕರವಾಯಿತು. ಮಾರನೆಯ ದಿನ 21 ಬೇಡಿಕೆಗಳು ಸಿದ್ಧವಾದವು. ಅವನ್ನು ಮರದ ಹಲಗೆಗಳ ಮೇಲೆ ಕೈಯಲ್ಲೇ ಬರೆದು ಎರಡನೇ ಗೇಟಿಗೆ ತೂಗುಹಾಕಿದರು. ಮೊದಲ ಬೇಡಿಕೆಯೇ ಸ್ವತಂತ್ರ ಕಾರ್ಮಿಕ ಸಂಘ.

ಸರ್ಕಾರದ ಜೊತೆ ಮಾತುಕತೆ ನಡೆದದ್ದು ಕೆಂಪು ಇಟ್ಟಿಗೆಯ ಒಂದು ಹಳೆಯ ಕಟ್ಟಡದಲ್ಲಿ. ಕೈಸರನ ಕಾಲದಲ್ಲಿ ಅದು ಟಾರ್ಪೆಡೊ ಗೋದಾಮು. ಬಳಿಕ ಕೆಲಸದ ಸುರಕ್ಷತೆಯ ತರಬೇತಿಗೆ ಬಳಸಿದ್ದರಿಂದ ಅದರ ಪೋಲಿಷ್ ಮೊದಲಕ್ಷರಗಳಿಂದ ಬಿಎಚ್‌ಪಿ ಸಭಾಂಗಣ ಎಂಬ ಹೆಸರು ಬಂತು. ಒಳಗಿನ ಮಾತುಗಳು ಧ್ವನಿವರ್ಧಕಗಳಲ್ಲಿ ಹೊರಗಿದ್ದವರಿಗೂ ಕೇಳಿಸುತ್ತಿದ್ದವು, ಮುಚ್ಚುಮರೆ ಇರಲಿಲ್ಲ. ಆಗಸ್ಟ್ 31ರಂದು ವಲೇಸಾ ಮತ್ತು ಉಪಪ್ರಧಾನಿ ಮಿಯೆಚಿಸ್ಲಾವ್ ಯಾಗಿಯೆಲ್‌ಸ್ಕಿ ಅಲ್ಲಿಯೇ ಒಪ್ಪಂದಕ್ಕೆ ಸಹಿ ಹಾಕಿದರು. ಅದರಿಂದ ಹುಟ್ಟಿದ ‘ಸಾಲಿಡಾರಿಟಿ’ ಸಂಘಕ್ಕೆ ಸುಮಾರು ಒಂದು ಕೋಟಿ ಜನ ಸೇರಿದರು. 1981ರ ಡಿಸೆಂಬರಿನ ಮಿಲಿಟರಿ ಕಾನೂನು ಅದನ್ನು ಹತ್ತಿಕ್ಕಿತು, ಆದರೆ ಮುಗಿಸಲಾಗಲಿಲ್ಲ. 1989ರ ಚುನಾವಣೆಯಲ್ಲಿ ಸಾಲಿಡಾರಿಟಿ ಗೆದ್ದಿತು. ಮರುವರ್ಷ ವಲೇಸಾ ಪೋಲೆಂಡಿನ ಅಧ್ಯಕ್ಷರಾದರು.

ದುಃಖದ ಮಾತೆಂದರೆ, ಈ ಗೆಲುವು ಹಡಗುಕಟ್ಟೆಯನ್ನು ಉಳಿಸಲಿಲ್ಲ. ಮಾರುಕಟ್ಟೆಯ ಪೈಪೋಟಿ ತಾಳಲಾರದೆ ಅದು 1996ರಲ್ಲಿ ದಿವಾಳಿಯಾಯಿತು. ಭೂಮಿ ತುಂಡುತುಂಡಾಗಿ ಮಾರಾಟವಾಗಿ ಹಲವು ಹಳೆಯ ಕಾರ್ಯಾಗಾರಗಳು ನೆಲಸಮವಾದವು. ಉಳಿದವುಗಳ ನಡುವೆ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಕ್ರೇನುಗಳನ್ನೂ ಇಟ್ಟಿಗೆ ಕಟ್ಟಡಗಳನ್ನೂ ಇನ್ನಾದರೂ ಕಾಪಾಡಬೇಕು. ಇಲ್ಲಿ ದುಡಿದವರ ಬದುಕಿಗೆ ಅವೇ ಸಾಕ್ಷಿ.

ಗ್ಡಾನ್ಸ್ಕ್‌ಗೆ ಹೋಗುವವರು ಹಳೆಯ ಊರಿನ ಬಣ್ಣದ ಮನೆಗಳಿಗಷ್ಟೇ ತೃಪ್ತರಾಗದೆ ಅರ್ಧ ದಿನವನ್ನು ಇದಕ್ಕೆ ಮೀಸಲಿಡಿ. ಮುಖ್ಯ ರೈಲು ನಿಲ್ದಾಣದಿಂದ ಎರಡನೇ ಗೇಟಿಗೆ ನಡೆದೇ ಹೋಗಬಹುದು. ಗೇಟಿನ ಮುಂದೆ 42 ಮೀಟರ್ ಎತ್ತರದ ಮೂರು ಶಿಲುಬೆಗಳಿವೆ, 1970ರಲ್ಲಿ ಸತ್ತವರ ಸ್ಮಾರಕ. ಪಕ್ಕದಲ್ಲಿ 2014ರಲ್ಲಿ ತೆರೆದ ಯುರೋಪಿಯನ್ ಸಾಲಿಡಾರಿಟಿ ಸೆಂಟರ್. ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿ ಸೇರಿದ ಆ ಬೇಡಿಕೆಗಳ ಹಲಗೆಗಳನ್ನು ಅಲ್ಲಿ ಕಾಣಬಹುದು. ಆದರೆ ಅದಕ್ಕೂ ಮೊದಲು ಬಿಎಚ್‌ಪಿ ಸಭಾಂಗಣಕ್ಕೆ ಹೋಗಿ ಬನ್ನಿ.