ಕಾಡು ಕಾಯ್ದ ಯುವಕ ಮಂಡಳಿ

ಜೂನ್ 5 ಬಂತೆಂದರೆ ಶಾಲೆ, ಇಗರ್ಜಿಗಳ ಅಂಗಳದಲ್ಲಿ ಸಸಿ ನೆಡುವ ಸಂಭ್ರಮ. ಭಾಷಣಕ್ಕೆ ಅತಿಥಿಗಳಿರುತ್ತಾರೆ, ಛಾಯಾಚಿತ್ರಕ್ಕೆ ಯುವಜನರಿರುತ್ತಾರೆ. ಮರುದಿನ ನೀರೆರೆಯಲು ಮಾತ್ರ ಯಾರೂ ಇರುವುದಿಲ್ಲ. ಎಷ್ಟೋ ಕಡೆ ಗುಂಡಿಯೂ ಹಳೆಯದೇ, ಕಳೆದ ವರ್ಷದ ಸಸಿ ಒಣಗಿದ್ದು! ಯುವಜನರು ಪರಿಸರ ರಕ್ಷಣೆಯ ಮುಂದಾಳುಗಳಾಗಬೇಕೆಂದು ಹಾರೈಸುವ ನಾವು, ನಮ್ಮ ನಾಡಿನಲ್ಲೇ ಅಂಥವರು ಹೇಗೆ ಮೂಡಿಬಂದರೆಂಬುದನ್ನು ಒಮ್ಮೆ ನೋಡುವುದು ಒಳಿತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಹಜ ಮಿಶ್ರ ಅರಣ್ಯಗಳನ್ನು ಕಡಿದು ಅಲ್ಲಿ ತೇಗದ ನೆಡುತೋಪುಗಳನ್ನು ಬೆಳೆಸಲಾಯಿತು. ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳಿಗೂ ಮರ ಸಾಗಿತು. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಸೌದೆ ದುರ್ಲಭವಾದವು. ಬೇಸಿಗೆಗೆ ಮುನ್ನವೇ ಹಳ್ಳಗಳು ಬತ್ತತೊಡಗಿದವು. 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಯುವಕ ಮಂಡಳಿಯವರು ಮರ ಕಡಿಯುವುದನ್ನು ನಿಲ್ಲಿಸಬೇಕೆಂದು ಅರಣ್ಯ ಇಲಾಖೆಗೆ ಬರೆದುಕೊಂಡರು. ಫಲ ದೊರೆಯಲಿಲ್ಲ. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಅದೇ ದಿನಗಳಲ್ಲಿ ಆ ಭಾಗಕ್ಕೆ ಬಂದು ತಮ್ಮ ಅನುಭವವನ್ನು ಹಂಚಿಕೊಂಡಿದ್ದರು. ಸೆಪ್ಟೆಂಬರ್ 8ರಂದು ಊರಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಪ್ರತಿಭಟನೆ 38 ದಿನ ನಡೆಯಿತು. ಕಡಿಯುವ ಆಜ್ಞೆಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಇದೇ ಅಪ್ಪಿಕೋ ಚಳವಳಿ. (ಅಂದು ಕರಾವಳಿಯ ನಮ್ಮ ಮನೆಗಳಲ್ಲಿ ಮೊಂತಿ ಹಬ್ಬದ ಹೊಸ ತೆನೆಯ ಊಟ. ಕಾಕತಾಳೀಯವೇ ಇರಬಹುದು, ಆದರೂ ಮರೆಯಲಾಗದು.)

ಈ ಯುವಕರನ್ನು ಮುಂದಾಳುಗಳನ್ನಾಗಿಸಿದ್ದು ಯಾವ ತರಬೇತಿ ಶಿಬಿರವೂ ಅಲ್ಲ. ಗುರುತು ಹಾಕಿದ ಒಂದು ಮರ ಉರುಳುವಾಗ ಅಕ್ಕಪಕ್ಕದ ಎಳೆಯ ಮರಗಳೂ ಮುರಿಯುತ್ತವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ತಮ್ಮ ನೆಲದ ಬಗೆಗಿನ ಆ ಖಚಿತ ತಿಳಿವಳಿಕೆಯೇ ಅವರ ಧೈರ್ಯವಾಯಿತು. ಧರ್ಮಶೀಲತೆ ಉಪದೇಶದಿಂದಲ್ಲ, ಧರ್ಮದ ಕಾರ್ಯಗಳನ್ನು ಮಾಡುತ್ತಲೇ ಮೈಗೂಡುತ್ತದೆ ಎಂಬ ಅರಿಸ್ಟಾಟಲನ ವಿಚಾರ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮುಂದೆ ಪಾಂಡುರಂಗ ಹೆಗಡೆ ಮೊದಲಾದವರೊಡನೆ ಈ ಚಳವಳಿ ಪಾದಯಾತ್ರೆ, ಯಕ್ಷಗಾನ, ಬೀದಿನಾಟಕಗಳ ಮೂಲಕ ಊರೂರು ತಲುಪಿತು. ಅದರ ಘೋಷಣೆ ಮೂರೇ ಪದಗಳದು: ಉಳಿಸು, ಬೆಳೆಸು, ಬಳಸು. ಕೊನೆಯ ಪದ ನಮಗೆ ಬಹಳ ಹಿಡಿಸುತ್ತದೆ. ಕಾಡಿಗೆ ಬೇಲಿ ಹಾಕಿ ಮನುಷ್ಯನನ್ನು ಹೊರಗಿಡುವ ಮಾತು ಅದರಲ್ಲಿಲ್ಲ. ಕಡಿಮೆ ಸೌದೆ ಬೇಡುವ ಒಲೆಗಳನ್ನು ಪ್ರಚಾರ ಮಾಡಿದ್ದೂ ಇದೇ ಚಳವಳಿ.

ಇನ್ನು ನಮ್ಮ ಮನೆಗಳ ಮಾತು. ಮಕ್ಕಳಿಗೆ ಬೆಂಗಳೂರು, ಗಲ್ಫ್‌ನ ದಾರಿ ತಿಳಿದಿದೆ. ಮನೆಯ ಹಿಂದಿನ ತೋಡು ಎಲ್ಲಿ ಹುಟ್ಟುತ್ತದೆಂಬುದು ತಿಳಿಯದು. ಧರ್ಮಕೇಂದ್ರದ ಯುವಜನರಿಗೆ ಸಿಗುವುದು ಕುರ್ಚಿ ಜೋಡಿಸುವ, ಹಬ್ಬಕ್ಕೆ ತೋರಣ ಕಟ್ಟುವ ಕೆಲಸ. ನಿರ್ಧಾರಗಳೆಲ್ಲ ಹಿರಿಯರವು. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಮಳೆನೀರು ಎಲ್ಲಿಗೆ ಹೋಗಬೇಕೆಂದು ಅವರನ್ನು ಯಾರೂ ಕೇಳುವುದಿಲ್ಲ. ಬೋಧನೆ ಬೇಕಾದಷ್ಟಾಯಿತು, ಅಧಿಕಾರವಿಲ್ಲದ ಕಡೆ ನಾಯಕತ್ವ ಹುಟ್ಟೀತೆ?

ಇಗರ್ಜಿಯ ಬಾವಿಯನ್ನೇ ಮೊದಲು ಅವರ ವಶಕ್ಕೆ ಕೊಡೋಣ. ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಲಿ. ಸುತ್ತಲಿನ ಮನೆಗಳ ಬಾವಿಗಳನ್ನೂ ನೋಡಿಬರಲಿ. ಅಜ್ಜ ಅಜ್ಜಿಯರನ್ನು ಕೇಳಿ ಹಿಂದೆ ಎಲ್ಲೆಲ್ಲಿ ನೀರಿತ್ತೆಂದು ಗುರುತಿಸಲಿ. ವರ್ಷ ತುಂಬಿದಾಗ ಆ ಲೆಕ್ಕವನ್ನು ಪಾಲನಾ ಮಂಡಳಿಯ ಸಭೆಯಲ್ಲಿ ಅವರೇ ಓದಲಿ. ಇಂಟರ್‌ಲಾಕ್ ಕಿತ್ತು ಅಂಗಳದಲ್ಲಿ ಇಂಗುಗುಂಡಿ ತೋಡಬೇಕೆಂದು ಅವರು ವಾದಿಸಿದರೆ, ಉತ್ತರ ಕೊಡಬೇಕಾದವರು ಆಗ ಹಿರಿಯರಾದ ನಾವು.