ದಣಿವು, ಸಾವು ಮತ್ತು ಪರದೆಯ ಚಿತ್ರ: ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಸುರಕ್ಷತೆಯ ಅರಿವು

ರಸ್ತೆ ಸುರಕ್ಷತೆ ಮತ್ತು ಅಂತರ್ಜಾಲ ಸುರಕ್ಷತೆಗಳನ್ನು ಆಡಳಿತವು ಎರಡು ಬೇರೆ ವಿಷಯಗಳೆಂದೇ ಪರಿಗಣಿಸುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬದುಕಿನಲ್ಲಾದರೋ ಇವೆರಡೂ ಸಾವಿನ ಆಚರಣೆಯ ಸುತ್ತ ಸಂಧಿಸುತ್ತವೆ. 2021ರ ಜನಗಣತಿಯಂತೆ ಈ ಸಮುದಾಯಗಳು ದೇಶದ ಜನಸಂಖ್ಯೆಯ ಶೇ. 3.2ರಷ್ಟಿವೆ. ರಸ್ತೆ ಅಪಘಾತಗಳಲ್ಲಿ ಇವರ ಸಾವಿನ ಪ್ರಮಾಣ ಮಾತ್ರ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು.

ಇದಕ್ಕೆ ದೂರವೇ ಒಂದು ಮುಖ್ಯ ಕಾರಣ. ವಾರ್ಲ್‌ಪಿರಿ ನುಡಿಯನ್ನಾಡುವ ಯುವೆಂಡುಮು ಗ್ರಾಮವು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಸುಮಾರು 290 ಕಿ.ಮೀ. ದೂರದಲ್ಲಿದೆ. ಬಂಧುಗಳ ಸಾವಿನ ಸಂದರ್ಭದ ಶೋಕಾಚರಣೆಗೆ ಹೋಗದಿರುವುದು ಅಲ್ಲಿ ಬಂಧುತ್ವದ ನಿರಾಕರಣೆಯೇ ಸರಿ. ಹೀಗಾಗಿ ದುಃಖ, ನಿದ್ದೆಗೇಡು ಮತ್ತು ತುಂಬಿದ ವಾಹನಗಳೊಡನೆ ದೀರ್ಘ ಪ್ರಯಾಣಗಳು ನಡೆಯುತ್ತವೆ. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆಯು ರಕ್ತದಲ್ಲಿ ಶೇ. 0.05 ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದಲ್ಲೇ ನಡೆದ 1997ರ ಅಧ್ಯಯನವೊಂದು ತೋರಿಸಿತು. ಎರಡು ಗಂಟೆಗೊಮ್ಮೆ ವಿರಮಿಸಬೇಕು, ಚಾಲಕರನ್ನು ಬದಲಿಸಬೇಕು ಎಂಬುದು ಅಧಿಕೃತ ಸಲಹೆ. ಆದರೆ ವಾಹನದಲ್ಲಿ ಪರವಾನಗಿ ಉಳ್ಳವರು ಒಬ್ಬರೇ ಇದ್ದಾಗ ಈ ಸಲಹೆಯ ಎರಡನೆಯ ಭಾಗ ಅರ್ಥ ಕಳೆದುಕೊಳ್ಳುತ್ತದೆ.

ಅಪಘಾತದ ನಂತರ ಎರಡನೆಯ ಅಪಾಯ ಎದುರಾಗುತ್ತದೆ. ಅನೇಕ ಸಮುದಾಯಗಳಲ್ಲಿ ಮೃತರ ಹೆಸರನ್ನು ಉಚ್ಚರಿಸುವುದು, ಚಿತ್ರವನ್ನು ತೋರಿಸುವುದು ಶೋಕದ ಅವಧಿಯಲ್ಲಿ ನಿಷಿದ್ಧ. ಮಧ್ಯ ಆಸ್ಟ್ರೇಲಿಯಾದಲ್ಲಿ ಹೆಸರಿಗೆ ಬದಲಾಗಿ ‘ಕುಮಂಜಯಿ’ ಎಂಬ ಪದವನ್ನು ಬಳಸುತ್ತಾರೆ. ದೂರದರ್ಶನ ವಾಹಿನಿಗಳು ಇಂಥ ಚಿತ್ರಗಳಿಗೆ ಮುನ್ನ ಎಚ್ಚರಿಕೆ ನೀಡುವುದುಂಟು. ಕೈಯಿಂದ ಕೈಗೆ ಹರಿಯುವ ಮೊಬೈಲ್ ಚಿತ್ರಕ್ಕೆ ಅಂಥ ತಡೆಯಿಲ್ಲ. ಕುಟುಂಬಕ್ಕೆ ಸುದ್ದಿ ಮುಟ್ಟುವ ಮೊದಲೇ ಚಿತ್ರ ಮುಟ್ಟಬಹುದು.

ಅಂತರ್ಜಾಲ ಸುರಕ್ಷತೆಗಾಗಿ 2015ರಲ್ಲಿ ಸ್ಥಾಪಿತವಾದ ಇ-ಸೇಫ್ಟಿ ಆಯುಕ್ತರ ಕಚೇರಿಯು ಈ ಸಮುದಾಯಗಳಿಗಾಗಿ ‘ಬಿ ಡೆಡ್ಲಿ ಆನ್‌ಲೈನ್’ ಎಂಬ ಅಭಿಯಾನವನ್ನು ರೂಪಿಸಿತು. ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ‘ಡೆಡ್ಲಿ’ ಎಂದರೆ ‘ಮಾರಕ’ ಎಂದಲ್ಲ, ‘ಅತ್ಯುತ್ತಮ’ ಎಂದರ್ಥ. ಸಮುದಾಯದ ನುಡಿಬಳಕೆಯನ್ನು ಶೀರ್ಷಿಕೆಯಲ್ಲೇ ಮಾನ್ಯಮಾಡಿರುವುದು ಇಲ್ಲಿ ಗಮನಾರ್ಹ. 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ಕಾನೂನು ತಡೆದಿದೆ. ಆದರೆ ಚಿತ್ರವನ್ನು ಹಂಚುವ ವಯಸ್ಕರನ್ನು ಈ ಕಾನೂನು ಮುಟ್ಟುವುದಿಲ್ಲ.

ಒಟ್ಟಾರೆ, ಅರಿವು ಮೂಡಿಸುವುದೆಂದರೆ ಸಿದ್ಧ ಸಂದೇಶವೊಂದನ್ನು ಅನುವಾದಿಸುವುದಷ್ಟೇ ಅಲ್ಲ. ಮೃತರಿಗೆ ಸಲ್ಲಬೇಕಾದ ಗೌರವ, ಬಂಧುಗಳ ಬಗೆಗಿನ ಹೊಣೆ ಎಂಬ ಸಮುದಾಯದ್ದೇ ಮೌಲ್ಯಗಳು ಸಂದೇಶದ ತಳಹದಿಯಾಗಬೇಕು. ಶೋಕಾಚರಣೆಗೆ ಹೊರಟವರು ಜೀವಂತ ತಲುಪುವುದೂ ಆ ಹೊಣೆಯ ಭಾಗವೇ ಆಗಿದೆ.